ಕೆಂಪು ದೀಪಕ್ಕೆ ನಿಂತವರು

ರೈಲಿನಲ್ಲಿ ದುಡಿದವರಿಗೆ ಕೆಂಪು ದೀಪ ಕಂಡರೆ ಮರುಯೋಚನೆ ಇಲ್ಲ. ಮೊದಲು ಗಾಡಿ ನಿಲ್ಲಬೇಕು, ಯಾಕೆ ಏನು ಅಂತ ಆಮೇಲೆ ವಿಚಾರಿಸಬೇಕು. 1963ರ ಆಗಸ್ಟ್ 8ರ ನಸುಕಿನಲ್ಲಿ ಇಂಗ್ಲೆಂಡಿನ ಕಳ್ಳರು ಬಳಸಿಕೊಂಡದ್ದು ಈ ನಿಷ್ಠೆಯನ್ನೇ.

ನಾನು ಈ ಕಥೆ ಮೊದಲು ಕೇಳಿದ್ದು ಅರಸೀಕೆರೆಯಲ್ಲಿ ಗಾಡಿ ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನ ಹೊರಗೆ, ಚಳಿಗೆ ಬೆಂಕಿ ಕಾಯಿಸುತ್ತಾ ಕೂತಿದ್ದಾಗ. ಆಗ ನಾನು ಗೂಡ್ಸ್ ಗಾಡಿಯ ಹೊಸ ಗಾರ್ಡು. ಹೇಳಿದವರು ಒಬ್ಬ ಹಿರಿಯ ಡ್ರೈವರು. ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಕಳ್ಳರು ದೋಚಿದ್ದು ಗ್ಲಾಸ್ಗೋದಿಂದ ಲಂಡನ್ನಿಗೆ ರಾತ್ರಿ ಓಡುತ್ತಿದ್ದ ಟಪಾಲು ಗಾಡಿ. ಪ್ರಯಾಣಿಕರು ಯಾರೂ ಇಲ್ಲ. ನಮ್ಮ ಆರ್‌ಎಂಎಸ್‌ನವರು (ರೈಲ್ವೆ ಮೇಲ್ ಸರ್ವಿಸ್) ಮಾಡುತ್ತಿದ್ದ ಹಾಗೆ ಎಪ್ಪತ್ತಕ್ಕೂ ಹೆಚ್ಚು ಅಂಚೆ ನೌಕರರು ಓಡುವ ಗಾಡಿಯಲ್ಲೇ ಕಾಗದ ವಿಂಗಡಿಸುತ್ತಿದ್ದರು. ಎಂಜಿನ್ನಿನ ಹಿಂದಿನ ಎರಡನೇ ಬೋಗಿಯಲ್ಲಿ ಬ್ಯಾಂಕುಗಳ ಹಣ. ಸ್ಕಾಟ್ಲೆಂಡಿನಲ್ಲಿ ಬ್ಯಾಂಕ್ ರಜೆ ಮುಗಿದ ವಾರವಾದ್ದರಿಂದ ಹಣದ ಚೀಲಗಳು ಎಂದಿಗಿಂತ ಹೆಚ್ಚಿದ್ದವು. ಡ್ರೈವರ್ ಜ್ಯಾಕ್ ಮಿಲ್ಸ್, ಕ್ರೂ ಪಟ್ಟಣದವರು, ಅರವತ್ತರ ಸಮೀಪದ ವಯಸ್ಸು. ಅವರ ಜೊತೆಗಾರ ಡೇವಿಡ್ ವಿಟ್ಬಿ 26 ವರ್ಷದ ಹುಡುಗ. ಗಾಡಿಯ ಹಿಂದೆ ಗಾರ್ಡ್ ಥಾಮಸ್ ಮಿಲ್ಲರ್.

ಬೆಳಗಿನ ಜಾವ ಮೂರು ಗಂಟೆ. ಬಕಿಂಗ್‌ಹ್ಯಾಮ್‌ಶೈರಿನ ಸಿಯರ್ಸ್ ಕ್ರಾಸಿಂಗ್ ಎಂಬಲ್ಲಿ ಸಿಗ್ನಲ್ ಕೆಂಪಾಗಿತ್ತು. ಕಳ್ಳರು ಹಸಿರು ದೀಪಕ್ಕೆ ಕೈಗವಸು ಮುಚ್ಚಿ, ಬ್ಯಾಟರಿ ಜೋಡಿಸಿ ಕೆಂಪು ದೀಪ ಉರಿಸಿದ್ದರು. ಮಿಲ್ಸ್ ಗಾಡಿ ನಿಲ್ಲಿಸಿದರು. ವಿಟ್ಬಿ ಇಳಿದು ಹಳಿಯ ಪಕ್ಕದ ಫೋನಿನಿಂದ ಸಿಗ್ನಲ್ ಕ್ಯಾಬಿನ್ನಿಗೆ ಮಾತಾಡಲು ಹೋದ. ನಿಯಮ ಹೇಳುವುದೂ ಅದನ್ನೇ. ಫೋನಿನ ತಂತಿಯನ್ನು ಕಳ್ಳರು ಕತ್ತರಿಸಿದ್ದರು. ವಾಪಸು ಬರುವಾಗ ಅವನನ್ನು ಹಿಡಿದು ದಿಬ್ಬದ ಕೆಳಗೆ ನೂಕಿದರು.

ಮುಖ ಮುಚ್ಚಿಕೊಂಡವರು ಎಂಜಿನ್ ಹತ್ತಿದರು. ಮಿಲ್ಸ್ ಕೈ ಎತ್ತಿ ಶರಣಾಗಲಿಲ್ಲ, ತಡೆದರು. ತಲೆಗೆ ಕಬ್ಬಿಣದ ಸರಳಿನ ಏಟು ಬಿತ್ತು, ಮುಖದ ತುಂಬ ರಕ್ತ. ಎಂಜಿನ್ ಮತ್ತು ಮೊದಲ ಎರಡು ಬೋಗಿಗಳನ್ನು ಕಳ್ಳರು ಕಳಚಿಕೊಂಡರು. ಗಾಡಿ ಓಡಿಸಲೆಂದು ತಾವೇ ಕರೆತಂದಿದ್ದವನ ಕೈಲಿ ಆ ಡೀಸೆಲ್ ಎಂಜಿನ್ ಕದಲಲೇ ಇಲ್ಲ. ಆಗ ತಲೆ ಒಡೆದಿದ್ದ ಮಿಲ್ಸರನ್ನೇ ಬೆದರಿಸಿ, ಅರ್ಧ ಮೈಲಿ ಮುಂದಿನ ಬ್ರಿಡೆಗೋ ಸೇತುವೆಯವರೆಗೆ ಓಡಿಸಿಕೊಂಡರು. ಹಣದ ಬೋಗಿಯೊಳಗಿದ್ದ ಅಂಚೆಯವರು ಬಾಗಿಲಿಗೆ ಚೀಲ ಒಡ್ಡಿ ತಡೆಯಲು ನೋಡಿದರು. ಅವರಿಗೂ ಏಟು ಬಿತ್ತು. ಅರ್ಧ ಗಂಟೆಯೊಳಗೆ 120 ಚೀಲ ಕೈಯಿಂದ ಕೈಗೆ ದಾಟಿ ಸೇತುವೆಯ ಕೆಳಗಿನ ಲಾರಿ ಸೇರಿದವು. ಒಟ್ಟು ಸುಮಾರು 26 ಲಕ್ಷ ಪೌಂಡ್. ಮಿಲ್ಸ್, ವಿಟ್ಬಿ ಇಬ್ಬರಿಗೂ ಒಂದೇ ಕೈಕೋಳ.

ಇನ್ನು ಮಿಲ್ಲರ್ ಮಾತು. ಗಾರ್ಡು ನಾನು, ಈ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಇವರ ಬಳಿ. ಬ್ರೇಕಿನ ವ್ಯಾಕ್ಯೂಮ್ ಇಳಿದದ್ದು ಕಂಡು ಮಿಲ್ಲರ್ ಮುಂದಕ್ಕೆ ನಡೆದು ಬಂದರು. ನೋಡಿದರೆ ಎಂಜಿನ್ನೂ ಇಲ್ಲ, ಎರಡು ಬೋಗಿಯೂ ಇಲ್ಲ! ಕತ್ತಲೆ, ಹಳಿಯ ಮೇಲೆ ಅನಾಥವಾಗಿ ನಿಂತ ಬೋಗಿಗಳು, ಒಳಗೆ ಏನೂ ಅರಿಯದೆ ಕಾಗದ ವಿಂಗಡಿಸುತ್ತಿರುವ ಅಷ್ಟೊಂದು ಜನ. ಹಿಂದಿನಿಂದ ಇನ್ನೊಂದು ಗಾಡಿ ಬಂದು ಗುದ್ದಿದರೆ? ಅವರು ಹಿಂದಕ್ಕೆ ನಡೆದು ಹಳಿಯ ಮೇಲೆ ಡಿಟೋನೇಟರ್ ಇಟ್ಟರು. ಗಾಲಿ ಹತ್ತಿದೊಡನೆ ಢಮ್ ಎಂದು ಸಿಡಿದು, ಮುಂದೆ ಅಪಾಯವಿದೆ ಎಂದು ಡ್ರೈವರನನ್ನು ಎಚ್ಚರಿಸುವ ಸಾಧನ ಅದು. ನಮ್ಮ ಗಾರ್ಡ್ ಪೆಟ್ಟಿಗೆಯಲ್ಲೂ ಅದು ಇದ್ದೇ ಇರುತ್ತದೆ. ಆಮೇಲೆ ಬಂದ ಗಾಡಿ ಹತ್ತಿ ಚೆಡಿಂಗ್ಟನ್ ನಿಲ್ದಾಣ ತಲುಪಿ ಸುದ್ದಿ ಮುಟ್ಟಿಸಿದರು. ಆಗ 4.20ರ ಸುಮಾರು.

ನಡುರಾತ್ರಿ ನಿರ್ಜನ ಜಾಗದಲ್ಲಿ ಗಾಡಿ ನಿಂತಾಗ ಲಾಟೀನು ಹಿಡಿದು ಒಬ್ಬನೇ ಹಿಂದಕ್ಕೆ ನಡೆಯುವುದು ಎಂಥದ್ದೆಂದು ನನಗೆ ಗೊತ್ತು. ಪೊದೆ ಅಲ್ಲಾಡಿದರೂ ಎದೆ ಧಸಕ್ಕೆನ್ನುತ್ತದೆ. ಮಿಲ್ಲರ್ ನಡೆದದ್ದು ಎಂಜಿನ್ನೇ ಮಾಯವಾದ ರಾತ್ರಿ. ಯಾವ ನಿಯಮವನ್ನು ನಂಬಿದ್ದಕ್ಕೆ ಮಿಲ್ಸ್ ಏಟು ತಿಂದರೋ ಅದೇ ನಿಯಮದ ಪುಸ್ತಕವನ್ನು ನಂಬಿ ಮಿಲ್ಲರ್ ಅಷ್ಟು ಜನರ ಬೆನ್ನು ಕಾದರು.

ಸಿಕ್ಕಿಬಿದ್ದ ಕಳ್ಳರಲ್ಲಿ ಹಲವರಿಗೆ 1964ರಲ್ಲಿ 30 ವರ್ಷಗಳ ಶಿಕ್ಷೆಯಾಯಿತು. ಹಣದ ಬಹುಪಾಲು ಸಿಗಲೇ ಇಲ್ಲ. ಜೈಲಿನಿಂದ ತಪ್ಪಿಸಿಕೊಂಡು ಬ್ರೆಜಿಲ್ ಸೇರಿದ ರೋನಿ ಬಿಗ್ಸ್ ಲೋಕಪ್ರಸಿದ್ಧನಾದ. ಸಿನಿಮಾ ಬಂದವು, ಪುಸ್ತಕ ಬಂದವು. ಮಿಲ್ಸ್ ಮತ್ತೆ ಮೊದಲಿನಂತಾಗಲಿಲ್ಲ; ಹಗುರ ಕೆಲಸಕ್ಕೆ ಮರಳಿದರೂ ತಲೆನೋವು ಬಿಡಲಿಲ್ಲ. 1970ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ವಿಟ್ಬಿ 1972ರಲ್ಲಿ, ಹೃದಯಾಘಾತದಿಂದ, ಇನ್ನೂ 34ರ ಪ್ರಾಯದಲ್ಲಿ.

ಜಾಣ ಕಳ್ಳರ ಸಾಹಸವೆಂದು ಈ ಕಥೆಯನ್ನು ಯಾರಾದರೂ ಹೇಳಿದರೆ ನನಗೆ ಸಂಕಟವಾಗುತ್ತದೆ. ಕೆಂಪಿಗೆ ನಿಂತವನ ತಲೆ ಒಡೆಯುವುದು ಸಾಹಸವಲ್ಲ. ನಾಳೆ ನೀವು ಈ ಕಥೆ ಹೇಳುವಾಗ ಕಳ್ಳರ ಹೆಸರಿಗಿಂತ ಮೊದಲು ಈ ಮೂರು ಹೆಸರು ಹೇಳಿ: ಮಿಲ್ಸ್, ವಿಟ್ಬಿ, ಮಿಲ್ಲರ್.