ಮಡಚುವ ಸೌರಫಲಕವೂ ಅಕ್ಕನ ಹಪ್ಪಳವೂ

ಮೂವತ್ತು ವರ್ಷಗಳಿಗೂ ಮಿಕ್ಕು ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತನಾದ ಸಂಸ್ಕೃತದ ಮೇಷ್ಟರು ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಉಪಕರಣದ ವಿಷಯವಾಗಿ ಬರೆಯಹೊರಟರೆ ವಾಚಕರು ನಕ್ಕಾರು. ನಗಲಿ. ಅಮರಕೋಶದಲ್ಲಿ ಸೂರ್ಯನಿಗಿರುವ ಮೂವತ್ತಕ್ಕೂ ಹೆಚ್ಚಿನ ಹೆಸರುಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಾನು ಒಪ್ಪಿಸಬಲ್ಲೆನು. ಆದರೆ ಆ ಸೂರ್ಯನು ಒಂದು ಮಣೆಯಗಲದ ಜಾಗದಲ್ಲಿ ಎಷ್ಟು ಕೆಲಸವನ್ನು ಮಾಡಿಕೊಡಬಲ್ಲನೆಂಬುದು ಅರವತ್ತು ತುಂಬುವವರೆಗೂ ನನಗೆ ತಿಳಿದಿರಲಿಲ್ಲ. ತಿಳಿದುದು 2024ರ ಮೇ ತಿಂಗಳಿನಲ್ಲಿ, ನನ್ನ ಅಕ್ಕನ ಮನೆಯ ಅಂಗಳದಲ್ಲಿ. ಅದೂ ತಕ್ಕಷ್ಟು ಪೆಟ್ಟು ತಿಂದ ಮೇಲೆ.

ಅಕ್ಕನ ಮನೆಯಿರುವುದು ತೀರ್ಥಹಳ್ಳಿಯ ಸೀಮೆಯಲ್ಲಿ, ಬಸ್ಸಿನ ರಸ್ತೆಯಿಂದ ಆರು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ತಲೆಯ ಮೇಲೆ. ವಿದ್ಯುತ್ತಿನ ತಂತಿಯು ಅಲ್ಲಿಗೆ ಕಾಡನ್ನು ಹಾದು ಬರಬೇಕು. ಮುಂಗಾರಿಗೆ ಮೊದಲಿನ ಗುಡುಗುಮಳೆಯಲ್ಲಿ ಒಂದು ಮರ ಉರುಳಿತೆಂದರೆ ಮೂರು ದಿನವೋ ಆರು ದಿನವೋ ಕತ್ತಲೆಯೇ. ಭಾವನವರು ತೀರಿಕೊಂಡ ಮೇಲೆ ಮಗನೇ ತೋಟವನ್ನು ನೋಡಿಕೊಳ್ಳುತ್ತಿದ್ದಾನೆ. ಅಕ್ಕನಿಗೆ ಎಪ್ಪತ್ತೆರಡು ವರ್ಷ. ಬಹುಕಾಲದಿಂದ ಉಬ್ಬಸವಿದೆ. ಔಷಧವನ್ನು ಮಂಜಿನಂತೆ ಮಾಡಿ ಉಸಿರಿನೊಡನೆ ಒಳಗೆ ಕಳುಹಿಸುವ ನೆಬ್ಯುಲೈಸರ್ ಎಂಬ ಯಂತ್ರವನ್ನು ವೈದ್ಯರು ಬರೆದುಕೊಟ್ಟಿದ್ದಾರೆ. ದಿನಕ್ಕೆ ಮೂರು ಬಾರಿ, ಹತ್ತು ಹತ್ತು ನಿಮಿಷ. ಯಂತ್ರಕ್ಕೆ ವಿದ್ಯುತ್ತು ಬೇಕು. ಕತ್ತಲೆ ನಮಗೆ ಹೊಸದಲ್ಲ. ಆದರೆ ಕತ್ತಲೆಯೊಡನೆ ಉಸಿರೂ ಕಟ್ಟುವುದೆಂದರೆ ಅದು ಬೇರೆಯ ಮಾತು.

ಅದಕ್ಕಾಗಿ ನನ್ನ ಮಗಳು ಬೆಂಗಳೂರಿನಿಂದ ಒಂದು ಬ್ಯಾಟರಿಪೆಟ್ಟಿಗೆಯನ್ನು ಕಳುಹಿಸಿದಳು. ಅದರಲ್ಲಿ 300 ವಾಟ್-ಘಂಟೆಗಳಷ್ಟು ಶಕ್ತಿ ನಿಲ್ಲುವುದು. ಗೋಡೆಯಲ್ಲಿರುವಂತಹ ಪ್ಲಗ್ಗಿನ ತೂತುಗಳೂ ಅದಕ್ಕೆ ಉಂಟು. ಅದನ್ನು ತುಂಬಿಸಲು ಪುಸ್ತಕದಂತೆ ಮಡಚುವ ಸೌರಫಲಕವನ್ನು ನಾನೇ ಕೊಳ್ಳುವೆನೆಂದು ಹೇಳಿ, ನನ್ನ ವಿವೇಕವನ್ನೆಲ್ಲ ಉಪಯೋಗಿಸಿ, ಮಿಕ್ಕವುಗಳ ಅರ್ಧ ಬೆಲೆಗೆ ಒಂದನ್ನು ತರಿಸಿದೆನು. ಅದರ ಚೀಲದ ಮೇಲೆ ದಪ್ಪಕ್ಷರಗಳಲ್ಲಿ ‘100 ವಾಟ್’ ಎಂದು ಅಚ್ಚಾಗಿದ್ದಿತು. ಅಚ್ಚಾದುದೆಲ್ಲವೂ ಪ್ರಮಾಣವಲ್ಲವೆಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ! ಹೇಳುವವನಿಗೆ ಅದು ಅನ್ವಯಿಸುವುದಿಲ್ಲವೆಂದು ಕಾಣುತ್ತದೆ.

ಲೆಕ್ಕವನ್ನು ಮಾತ್ರ ಅಚ್ಚುಕಟ್ಟಾಗಿ ಮಾಡಿದ್ದೆನು. ಯಂತ್ರದ ಬೆನ್ನಿನ ಮೇಲೆ 120 ವಾಟ್ ಎಂದಿದ್ದಿತು. ಹತ್ತು ನಿಮಿಷಕ್ಕೆ 20 ವಾಟ್-ಘಂಟೆ. ಪೆಟ್ಟಿಗೆಯೊಳಗೆ ವಿದ್ಯುತ್ತನ್ನು ಮಾರ್ಪಡಿಸುವಾಗ ಆಗುವ ನಷ್ಟವನ್ನು ಸೇರಿಸಿದರೆ 25. ಮೂರು ಬಾರಿಗೆ 75. ಎರಡು ಸಣ್ಣ ದೀಪ, ಒಂದು ದೂರವಾಣಿ. ಒಟ್ಟು ದಿನಕ್ಕೆ 100 ವಾಟ್-ಘಂಟೆ. ಫಲಕವು 100 ವಾಟಿನದು. ಒಂದು ಘಂಟೆಯ ಬಿಸಿಲು ಸಾಕಾಯಿತಲ್ಲ! ಈ ಧೈರ್ಯದಿಂದ ಪೆಟ್ಟಿಗೆಯನ್ನು ಊರಿನಲ್ಲಿಯೇ ಪೂರ್ತಿ ತುಂಬಿಸಿಕೊಳ್ಳದೆ, ಮೂರರಲ್ಲೊಂದು ಪಾಲು ಮಾತ್ರ ತುಂಬಿದ್ದುದನ್ನೇ ಎತ್ತಿಕೊಂಡು ಹೊರಟೆನು.

ನಾನು ಹೋದ ಸಂಜೆಯೇ ಗಾಳಿಮಳೆ ಬಂದು ತಂತಿಯ ಮೇಲೆ ಮರ ಬಿದ್ದಿತು. ಆ ರಾತ್ರಿಗೂ ಮರುಬೆಳಗಿಗೂ ಪೆಟ್ಟಿಗೆಯಲ್ಲಿದ್ದುದು ಸರಿಹೋಯಿತು. ಮಾರನೆಯ ದಿನ ಬೆಳಗ್ಗೆ ಆಕಾಶ ತೊಳೆದಿಟ್ಟಂತಿದ್ದಿತು. ಅಂಗಳದ ತುಂಬ ಅಕ್ಕ ಹಲಸಿನ ಹಪ್ಪಳವನ್ನು ಹರವಿದ್ದಳು. ಅವುಗಳ ನಡುವೆ ಜಾಗವನ್ನು ಬೇಡಿ ಪಡೆದು, ಫಲಕದೊಡನೆ ಬಂದಿದ್ದ ಚಿಕ್ಕ ಪುಸ್ತಿಕೆಯಲ್ಲಿದ್ದಂತೆ ಅದನ್ನು ಕಾಲುಗಳ ಮೇಲೆ ಓರೆಯಾಗಿ ನಿಲ್ಲಿಸಿ, ಮುಖವನ್ನು ದಕ್ಷಿಣಕ್ಕೆ ತಿರುಗಿಸಿ, ಪೆಟ್ಟಿಗೆಯನ್ನು ಪಕ್ಕದಲ್ಲಿ ಬಿಸಿಲಿಗೇ ಇಟ್ಟು ಜಗಲಿಯ ಮೇಲೆ ಕುಳಿತೆನು.

“ಏನೋ ಮಾಣಿ, ನಿನ್ನ ಸೂರ್ಯ ನನ್ನ ನಲವತ್ತು ಹಪ್ಪಳದ ಜಾಗ ತಿಂದ,” ಎಂದಳು ಅಕ್ಕ. ಅರವತ್ತು ದಾಟಿದರೂ ಆ ಮನೆಯಲ್ಲಿ ನಾನು ಮಾಣಿಯೇ.

ನಡುಹಗಲಿಗೆ ನೋಡಿದರೆ ಪೆಟ್ಟಿಗೆಯ ಕಿರುಪರದೆಯಲ್ಲಿ ಒಳಬರುವ ಶಕ್ತಿ 17 ವಾಟ್ ಎಂದಿದ್ದಿತು. ಮೋಡವೇನಾದರೂ ಇರಬಹುದೆಂದು ಸಮಾಧಾನಪಟ್ಟುಕೊಂಡೆನು; ಮೋಡವಿರಲಿಲ್ಲ. ಎರಡು ಘಂಟೆಗೆ ನಿಜವಾಗಿಯೂ ಮೋಡ ಕವಿಯಿತು. ದಿನವೆಲ್ಲ ದುಡಿದು ನಾವು ಗಳಿಸಿದುದು ಸುಮಾರು 60 ವಾಟ್-ಘಂಟೆ. ಸಂಜೆ ಅಕ್ಕನ ಔಷಧಕ್ಕೆ ಸ್ವಲ್ಪ, ದೀಪಗಳಿಗೆ ಸ್ವಲ್ಪ, ನೆರೆಮನೆಯವರ ದೂರವಾಣಿಗೆ ಸ್ವಲ್ಪ ಖರ್ಚಾಯಿತು. ಕೇಳಿದವರಿಗೆ ಇಲ್ಲವೆನ್ನಲು ನನಗೆ ಮನಸ್ಸು ಬರಲಿಲ್ಲ; ದಾನಶೂರನೆನ್ನಿಸಿಕೊಳ್ಳುವ ಚಪಲವೂ ಇದ್ದಿರಬೇಕು.

ರಾತ್ರಿ ಒಂದೂವರೆಗೆ ಅಕ್ಕನಿಗೆ ಉಬ್ಬಸ ಎದ್ದಿತು. ಯಂತ್ರವನ್ನು ಹಚ್ಚಿದೆವು. ನಾಲ್ಕು ನಿಮಿಷ ನಡೆದು, ಗಂಟಲಲ್ಲಿ ಏನೋ ಸಿಕ್ಕಿದಂತೆ ಸದ್ದು ಮಾಡಿ, ಅದು ನಿಂತುಹೋಯಿತು. ಪೆಟ್ಟಿಗೆಯ ಪರದೆಯೂ ಆರಿತು. ಆ ಮೇಲೆ ಕೋಣೆಯಲ್ಲಿ ಕೇಳುತ್ತಿದ್ದುದು ಅಕ್ಕನ ಉಸಿರು ಮಾತ್ರ; ಒಳಗೆ ಹೋಗುವಾಗ ಸಿಳ್ಳೆ, ಹೊರಗೆ ಬರುವಾಗ ಸಿಳ್ಳೆ. ರಸ್ತೆಗೆ ಅಡ್ಡಲಾಗಿ ಇನ್ನೊಂದು ಮರ ಬಿದ್ದಿದ್ದುದರಿಂದ ಜೀಪು ಹೋಗುವಂತಿರಲಿಲ್ಲ. ಅಳಿಯನು ಲಾಟೀನನ್ನು ಹುಡುಕಿ ತಂದನು. ಇಂತಹ ಸಮಯಕ್ಕೆಂದು ವೈದ್ಯರು ಮೊದಲೇ ಕೊಟ್ಟಿದ್ದ ಒತ್ತುವ ಔಷಧ ಮನೆಯಲ್ಲಿದ್ದಿತು. ಅದನ್ನು ಅಗಲವಾದ ಪ್ಲಾಸ್ಟಿಕ್ ಕೊಳವೆಯ ಮೂಲಕ, ಅವರು ಹೇಳಿಕೊಟ್ಟಿದ್ದಂತೆ ಎಣಿಸಿ ಎಣಿಸಿ ಕೊಟ್ಟೆವು. ಅಕ್ಕ ದಿಂಬಿನ ಮೇಲೆ ಮುಂದಕ್ಕೆ ಬಾಗಿ ಕುಳಿತಿದ್ದಳು. ನಾನು ಬೆನ್ನನ್ನು ಹಿಡಿದುಕೊಂಡಿದ್ದೆನು.

ಆ ಲಾಟೀನನ್ನು ನಾನು ಬಲ್ಲೆನು. ನಮ್ಮ ತವರುಮನೆಗೆ ವಿದ್ಯುತ್ತು ಬರುವ ಮೊದಲು, ಪ್ರತಿ ಸಂಜೆ ಅಕ್ಕನು ಬೂದಿ ಹಚ್ಚಿ ಅದರ ಗಾಜನ್ನು ಉಜ್ಜಿ ನನ್ನ ಮುಂದೆ ಇಡುತ್ತಿದ್ದಳು. ತಾನು ಮಾತ್ರ ಅಡಿಗೆಮನೆಯಲ್ಲಿ ಬುಡ್ಡಿದೀಪದ ಹೊಗೆಯಲ್ಲಿ ಕೆಲಸ ಮಾಡುತ್ತಿದ್ದಳು. ನಾನು ಅಮರಕೋಶವನ್ನು ಕಲಿತುದು ಆ ಬೆಳಕಿನಲ್ಲಿ. ಅವಳ ಎದೆಗೆ ಆ ಹೊಗೆ ಎಷ್ಟು ಸೇರಿತ್ತೋ ನಾನು ಎಂದೂ ಯೋಚಿಸಿರಲಿಲ್ಲ. ಆ ರಾತ್ರಿ ಯೋಚಿಸಲು ಬೇಕಾದಷ್ಟು ಹೊತ್ತು ಇದ್ದಿತು.

ಬೆಳಗಿನ ಜಾವಕ್ಕೆ ಉಸಿರು ಹಿಡಿತಕ್ಕೆ ಬಂದಿತು. ಮೊದಲು ಬಂದ ಮಾತು, “ಮಾಣಿ, ನೂರು ಅಂದಿದ್ದೆಯಲ್ಲ?” ಎಂಬುದು.

ಕಾಫಿಯನ್ನೂ ಕುಡಿಯದೆ ಹೊಲಿಗೆಯ ಟೇಪನ್ನು ತೆಗೆದುಕೊಂಡು ಅಂಗಳಕ್ಕೆ ಇಳಿದೆನು. ಫಲಕದಲ್ಲಿ ನಾಲ್ಕು ಮಡಿಕೆಗಳು. ಒಂದೊಂದರಲ್ಲಿಯೂ ಕಪ್ಪಾದ ಭಾಗವು 30 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ. ಒಟ್ಟು ಸೇರಿದರೆ ಒಂದು ಚದರ ಮೀಟರಿನ ಕಾಲುಭಾಗಕ್ಕೂ ಸ್ವಲ್ಪ ಕಡಿಮೆ, 0.24. ಪ್ರಖರವಾದ ಬಿಸಿಲಿನಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಶಕ್ತಿಯು ಸುಮಾರು 1000 ವಾಟ್. ಫಲಕಗಳ ಅಳತೆಯನ್ನು ಕಟ್ಟುವುದೂ ಇದರ ಮೇಲೆಯೇ. ಆದುದರಿಂದ ನನ್ನ ಫಲಕದ ಮೇಲೆ ಬೀಳುವುದೇ 240 ವಾಟ್. ಒಳ್ಳೆಯ ಏಕಸ್ಫಟಿಕ ಸಿಲಿಕಾನ್ ಕೋಶಗಳು ಅದರಲ್ಲಿ ನೂರಕ್ಕೆ ಸುಮಾರು 22 ಪಾಲನ್ನು ಮಾತ್ರ ವಿದ್ಯುತ್ತಾಗಿ ಮಾಡಬಲ್ಲವು. ಅಂದರೆ 53 ವಾಟ್. ಇದಕ್ಕೆ ಮೀರಿ ಅದು ಕೊಡುವ ಸಂಭವವೇ ಇಲ್ಲ. ಏಳನೆಯ ತರಗತಿಯ ಹುಡುಗನು ಎರಡು ನಿಮಿಷದಲ್ಲಿ ಮಾಡುವ ಈ ಗುಣಾಕಾರವನ್ನು ಕೊಳ್ಳುವ ಮೊದಲು ನಾನು ಮಾಡಿರಲಿಲ್ಲ. ಮಾರಿದವರಿಗೆ ಆ ಬಳಿಕ ಎರಡು ಪತ್ರ ಬರೆದೆನು. ಉತ್ತರವೂ ಬರಲಿಲ್ಲ, ಹಣವೂ ಬರಲಿಲ್ಲ.

ಪಕ್ಕದ ಹಳ್ಳಿಯಲ್ಲಿ ಬೆಟ್ಟ ಹತ್ತುವ ಹವ್ಯಾಸದ ಒಬ್ಬ ಯುವಕನಿದ್ದಾನೆ. ಅವನಲ್ಲಿ ಇಂತಹುದೇ ಫಲಕವಿದೆಯೆಂದು ಅಳಿಯನಿಗೆ ನೆನಪಾಗಿ, ನಡೆದುಕೊಂಡು ಹೋಗಿ ಅದನ್ನು ತಂದನು. ಅದರ ಮೇಲೆ ಬರೆದಿದ್ದುದು 60 ವಾಟ್ ಮಾತ್ರ. ಅಳೆದರೆ ಕಪ್ಪು ಭಾಗವು 0.28 ಚದರ ಮೀಟರ್. ಲೆಕ್ಕ ಹಾಕಿದರೆ 61. ಸತ್ಯವಂತನ ಮನೆಯ ಸರಕು! ಮೇಲಿನ ಹೊದಿಕೆಯಲ್ಲಿಯೂ ಭೇದವಿದ್ದಿತು. ಅವನದು ಇಟಿಎಫ್‌ಇ ಎಂಬ ಪದರದ್ದು, ಮುಟ್ಟಿದರೆ ಸಣ್ಣ ತರಿ. ಬಿಸಿಲಿನಲ್ಲಿ ಬಹುಕಾಲ ಬಾಳುವುದು. ನನ್ನದು ನುಣುಪಾದ ಪಿಇಟಿ, ಬಿಸಿಲಿಗೆ ಬೇಗನೆ ಹಳದಿಯಾಗುವ ಜಾತಿ. ಇದನ್ನು ಆ ಯುವಕನೇ ಹೇಳಿ ಕಳುಹಿಸಿದ್ದನು.

ಇನ್ನು ನಿಲ್ಲಿಸುವ ವಿಚಾರ. ಸೂರ್ಯಸಿದ್ಧಾಂತದಲ್ಲಿ ಹನ್ನೆರಡು ಅಂಗುಲದ ಶಂಕುವನ್ನು ನೆಟ್ಟು ನೆರಳಿನಿಂದ ದಿಕ್ಕುಗಳನ್ನು ಕಂಡುಕೊಳ್ಳುವ ಕ್ರಮವಿದೆ. ಅದನ್ನು ಓದಿದವನಿಗೆ ಯಾವನೋ ಬರೆದ ಪುಸ್ತಿಕೆಯ ಮಾತು ವೇದವಾಗಬೇಕಾಗಿರಲಿಲ್ಲ. ಒಂದು ಅಡಿಕೆದಬ್ಬೆಯನ್ನು ನೆಟ್ಟಗೆ ನೆಟ್ಟು ಕಾದೆನು. ಆ ಊರಿನಲ್ಲಿ ನಿಜವಾದ ಮಧ್ಯಾಹ್ನವಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಮೇ ತಿಂಗಳಿನಲ್ಲಿ ಸುಮಾರು 12 ಘಂಟೆ 25 ನಿಮಿಷಕ್ಕೆ. ಆಗ ದಬ್ಬೆಯ ಗೇಣುದ್ದವೂ ಇಲ್ಲದ ನೆರಳು ದಕ್ಷಿಣಕ್ಕೆ ಬಿದ್ದಿತು! ಅಂದರೆ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಐದು ಅಂಶ ಸರಿದಿದ್ದನು. ಬೆಂಗಳೂರಿನಲ್ಲಿ ಏಪ್ರಿಲ್ 24-25ರ ಹೊತ್ತಿಗೆ ನಡುಹಗಲಿನಲ್ಲಿ ನೆಟ್ಟಗಿನ ಕಂಬಕ್ಕೆ ನೆರಳಿಲ್ಲದಂತಾಗುವುದನ್ನು ವಾಚಕರು ಕೇಳಿರಬಹುದು. ತೀರ್ಥಹಳ್ಳಿಗೆ ಅದು ಎರಡು ಮೂರು ದಿನ ತಡ. ಆ ದಿನ ಕಳೆದ ಮೇಲೆ ಆಗಸ್ಟಿನ ಮಧ್ಯದವರೆಗೂ ಮಧ್ಯಾಹ್ನದ ಸೂರ್ಯನು ನಮಗೆ ಉತ್ತರದಲ್ಲಿಯೇ. ದಕ್ಷಿಣಕ್ಕೆ ತಿರುಗಿಸೆಂದ ಪುಸ್ತಿಕೆಯು ಯಾವುದೋ ಶೀತದೇಶದವರಿಗಾಗಿ ಬರೆದುದು. ನಾನು 45 ಅಂಶ ದಕ್ಷಿಣಕ್ಕೆ ಓರೆ ಮಾಡಿ ನಿಲ್ಲಿಸಿದುದರಿಂದ ಬಿಸಿಲು ಫಲಕದ ಮೇಲೆ 50 ಅಂಶದಷ್ಟು ಓರೆಯಾಗಿ ಬಿದ್ದು, ಮೂರರಲ್ಲೊಂದು ಪಾಲಿಗೂ ಹೆಚ್ಚು ವ್ಯರ್ಥವಾಗಿದ್ದಿತು.

ಶಂಕುವಿನ ಗಣಿತ ಬೇಡವೆನ್ನುವ ಗೃಹಿಣಿಯರಿಗೆ ಸುಲಭವಾದ ಉಪಾಯವುಂಟು. ಒಂದು ಪೆನ್ಸಿಲನ್ನು ಫಲಕದ ಮೇಲೆ ಲಂಬವಾಗಿ ನಿಲ್ಲಿಸಿ, ಅದರ ನೆರಳು ಅಡಗುವವರೆಗೆ ಫಲಕವನ್ನು ಓಲಿಸಬೇಕು. ನೆರಳಿಲ್ಲದಾದಾಗ ಸೂರ್ಯನು ಸರಿಯಾಗಿ ಎದುರಿಗಿರುವನು. ಬೆಳಗ್ಗೆ ಪೂರ್ವಕ್ಕೆ ಎತ್ತಿ ನಿಲ್ಲಿಸಿ, ಹೊತ್ತೇರಿದಂತೆ ತಗ್ಗಿಸುತ್ತ ಬಂದು, ನಡುಹಗಲಿಗೆ ಮಲಗಿಸಿದರಾಯಿತು. ಘಂಟೆಗೊಮ್ಮೆ ಎದ್ದು ಹೋಗಬೇಕು. ಹಪ್ಪಳವನ್ನು ಮಗುಚಲು ಹೇಗೂ ಏಳುತ್ತೇವೆ.

ನೆರಳಿನ ಕಥೆ ಇನ್ನೊಂದು. ಹಿಂದಿನ ದಿನ ಬಟ್ಟೆ ಒಣಹಾಕುವ ಹಗ್ಗದ ಮೇಲಿದ್ದ ನನ್ನದೇ ಪಂಚೆಯ ಅಂಚಿನ ನೆರಳು ಒಂದು ಮಡಿಕೆಯ ಮೂಲೆಗೆ ಬೀಳುತ್ತಿದ್ದಿತು. ಇಷ್ಟರಿಂದೇನು ಎಂದುಕೊಂಡಿದ್ದೆನು. ಪರೀಕ್ಷೆಗೆಂದು ಅಂಗೈಯನ್ನು ಒಂದೇ ಕೋಶದ ಮೇಲೆ ಚಾಚಿದಾಗ ಅಂಕೆಯು ಅರ್ಧಕ್ಕಿಂತ ಕೆಳಗೆ ಇಳಿಯಿತು. ಕೋಶಗಳು ಒಂದರ ಹಿಂದೊಂದು ಸಾಲಾಗಿ ಜೋಡಿಸಲ್ಪಟ್ಟಿರುವುವು. ಬಾವಿಯಿಂದ ಮನೆಯವರೆಗೆ ಸಾಲುನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವಾಗ ಒಬ್ಬನು ಕೈಕಟ್ಟಿ ನಿಂತರೆ ಎಲ್ಲರ ಕೊಡವೂ ನಿಲ್ಲುವುದಷ್ಟೆ; ಇಲ್ಲಿಯೂ ಹಾಗೆಯೇ.

ಮೂರನೆಯ ಅಪರಾಧ ಕಾವಿನದು. ಬಿಸಿಲು ಹೆಚ್ಚಿದಷ್ಟೂ ಫಲಕಕ್ಕೆ ಒಳ್ಳೆಯದೆಂಬುದು ಸಾಮಾನ್ಯವಾದ ಭ್ರಾಂತಿ. ಬೆಳಕು ಒಳ್ಳೆಯದು, ಕಾವು ಕೆಟ್ಟದ್ದು. ಕಾರ್ಖಾನೆಯ ಅಳತೆಯು ಕೋಶವು 25 ಅಂಶ ಸೆಂಟಿಗ್ರೇಡಿನಲ್ಲಿರುವಾಗಿನದು; ಅಲ್ಲಿಂದ ಮೇಲೆ ಅಂಶವೊಂದಕ್ಕೆ ನೂರಕ್ಕೆ 0.3ರಿಂದ 0.4ರಷ್ಟು ಶಕ್ತಿ ಇಳಿಯುವುದು. ಬೇಸಗೆಯ ಅಂಗಳದ ಕಲ್ಲಿನ ಮೇಲೆ ಕೋಶವು 60 ಅಂಶಕ್ಕೆ ಕಾದರೆ ಎಂಟರಲ್ಲೊಂದು ಪಾಲು ಹೋದಂತೆಯೇ. ಹಗ್ಗದ ಮಂಚದ ಮೇಲೆ ಎತ್ತಿಟ್ಟರೆ ಕೆಳಗಿನಿಂದ ಗಾಳಿಯಾಡುವುದು. ಪೆಟ್ಟಿಗೆಯನ್ನಂತೂ ಜಗಲಿಯ ನೆರಳಿನಲ್ಲಿಯೇ ಇಡಬೇಕು. ಬ್ಯಾಟರಿ ಕಾದರೆ ಅದು ತಾನಾಗಿಯೇ ತುಂಬಿಕೊಳ್ಳುವುದನ್ನು ನಿಲ್ಲಿಸುವುದು, ಆಯುಸ್ಸೂ ಕಡಿಮೆ. ಇದರಿಂದ ಅಕ್ಕನಿಗೂ ನನಗೂ ಇದ್ದ ವ್ಯಾಜ್ಯ ತೀರಿತು. ಹಪ್ಪಳಕ್ಕೆ ಕಾದ ಕಲ್ಲು ಬೇಕು, ಫಲಕಕ್ಕೆ ಬೇಡ. ಅಂಗಳವೆಲ್ಲ ಅವಳಿಗೆ, ಮಂಚ ನನಗೆ.

ಹೀಗೆ ಸರಿಪಡಿಸಿಕೊಂಡು ಎರಡನ್ನೂ ಒಂದಾದ ಮೇಲೊಂದರಂತೆ ಜೋಡಿಸಿ ನೋಡಿದೆನು. ನಡುಹಗಲಿನಲ್ಲಿ ನನ್ನ ‘ನೂರು’ 34 ವಾಟ್ ಕೊಟ್ಟಿತು. ಯುವಕನ ಅರವತ್ತು 44. ಸತ್ಯವಾದ ಫಲಕವೂ ತನ್ನ ಮೇಲೆ ಬರೆದುದರ ಮುಕ್ಕಾಲು ಪಾಲು ಕೊಟ್ಟರೆ ತೃಪ್ತಿಪಡಬೇಕು. ಎಂಟರಿಂದ ಒಂದು ಘಂಟೆಯವರೆಗೆ ಅವನ ಫಲಕದಿಂದ ಸುಮಾರು 170 ವಾಟ್-ಘಂಟೆ ಕೂಡಿತು. ಆ ರಾತ್ರಿ ಅಕ್ಕನ ಯಂತ್ರ ಪೂರ್ತಿ ಹತ್ತು ನಿಮಿಷ ನಡೆಯಿತು. ಯಾರೂ ಮಾತನಾಡದೆ ಅದರ ಗುರ್ರೆನ್ನುವ ಸದ್ದನ್ನು ಕೇಳುತ್ತ ಕುಳಿತಿದ್ದೆವು. ದಾರಿ ತೆರೆದ ಕೂಡಲೇ ಅವಳನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು, ಫಲಕವೇನೂ ವೈದ್ಯನಲ್ಲ. ತಂತಿ ಸರಿಹೋದುದು ಆರನೆಯ ದಿನ.

ಸಿಲಿಕಾನಿನ ಸೌರಕೋಶವನ್ನು ಅಮೇರಿಕದ ಬೆಲ್ ಪ್ರಯೋಗಾಲಯದವರು ಲೋಕಕ್ಕೆ ತೋರಿಸಿದುದು 1954ರ ಏಪ್ರಿಲ್ 25ರಂದು. ಆಗ ಅದು ಬಿಸಿಲಿನಲ್ಲಿ ನೂರಕ್ಕೆ ಆರು ಪಾಲನ್ನು ಹಿಡಿಯುತ್ತಿದ್ದಿತಂತೆ. ಈಗ ಇಪ್ಪತ್ತೆರಡು. ಆದರೂ ಮಲೆನಾಡಿನ ಆಷಾಢದಲ್ಲಿ ಅದರಿಂದ ಪ್ರಯೋಜನ ಅಲ್ಪವೆಂಬುದನ್ನು ಮುಚ್ಚಿಡಲಾರೆನು. ದಟ್ಟವಾದ ಮೋಡದಲ್ಲಿ ಹತ್ತರಲ್ಲೊಂದು ಪಾಲು ಬಂದರೆ ಹೆಚ್ಚು. ಆ ದಿನಗಳಲ್ಲಿ ತಂತಿಯಲ್ಲಿ ವಿದ್ಯುತ್ತು ಇರುವಾಗಲೇ ಪೆಟ್ಟಿಗೆಯನ್ನು ತುಂಬಿಸಿಡುವ ಪದ್ಧತಿಯನ್ನು ಅಳಿಯನು ಇಟ್ಟುಕೊಂಡಿದ್ದಾನೆ. ಯುವಕನದರಂತಹ ಫಲಕವನ್ನೇ, ಈ ಸಲ ಅಳತೆಯನ್ನು ಮೊದಲು ಕೇಳಿ, ಕೊಂಡು ಕಳುಹಿಸಿದೆನು. ನನ್ನ ನೂರು ವಾಟಿನದು ನಮ್ಮ ಮನೆಯಲ್ಲಿ ಮೊಮ್ಮಗನ ದೀಪಕ್ಕೆ ಉಪಯೋಗವಾಗುತ್ತಿದೆ.

ಈ ಬೇಸಗೆಯಲ್ಲಿ ಒಂದು ದಿನ ಮಧ್ಯಾಹ್ನ ಅಕ್ಕ ದೂರವಾಣಿ ಮಾಡಿದಳು. ಸ್ವರ ಗಟ್ಟಿಯಾಗಿದ್ದಿತು. “ಮಾಣಿ, ಇವತ್ತು ನಲವತ್ತಮೂರು ಬಂತು,” ಎಂದಳು. ವಾಟೋ ಹಪ್ಪಳವೋ ಎಂದು ನಾನು ಕೇಳುವಷ್ಟರಲ್ಲಿ, “ಕಾಗೆ ಬಂತು, ಇಡ್ತೇನೆ,” ಎಂದು ಇಟ್ಟುಬಿಟ್ಟಳು.