ಸಿಂಹಳದಲ್ಲಿ ಎಂಟು ದಿನ

ತೆಂಗಿನ ತೋಟವುಳ್ಳವನಿಗೆ ರಜವೆಂಬುದಿಲ್ಲ. ಕಾಯಿ ಕೀಳಿಸಬೇಕು, ಅಟ್ಟಕ್ಕೆ ಹಾಕಿಸಬೇಕು, ಅಟ್ಟದ ಮೇಲಿನದು ಒಣಗಿತೆ ಎಂದು ಅಲುಗಿಸಿ ನೋಡಬೇಕು, ಸುಲಿಸಿ ಒಡೆಸಿ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಕಳುಹಿಸಬೇಕು. ತುರುವೇಕೆರೆಯ ಕಡೆಯ ನಮ್ಮ ಮನೆಯಲ್ಲಿ ಈ ಚಕ್ರವು ನಿಂತುದನ್ನು ನಾನು ಕಂಡಿಲ್ಲ. ಅದರೊಡನೆ ನನಗಿಂತ ಹೆಚ್ಚಾಗಿ ತಿರುಗಿದವಳು ನನ್ನ ಹೆಂಡತಿ. ಮದುವೆಯಾದ ಮೂವತ್ತೊಂದು ವರ್ಷಗಳಲ್ಲಿ ಆಕೆ ಕಂಡ ದೂರದ ಊರುಗಳೆಂದರೆ ಧರ್ಮಸ್ಥಳ, ತಿರುಪತಿ, ಮತ್ತು ನಮ್ಮ ತಾಯಿಯವರನ್ನು ಸೇರಿಸಿದ್ದ ಬೆಂಗಳೂರಿನ ಆಸ್ಪತ್ರೆ. ತಾಯಿಯವರು ತೀರಿಕೊಂಡ ಮರುವರ್ಷ ನಮ್ಮ ಮಗನು, ಯೂರೋಪಿನ ಹತ್ತು ದೇಶಗಳನ್ನು ಹದಿನೈದು ದಿನಗಳಲ್ಲಿ ತೋರಿಸುವ ಪ್ರವಾಸದ ಪಟ್ಟಿಯೊಂದನ್ನು ತಂದು ಮುಂದಿಟ್ಟನು. ಆಕೆ ಅದನ್ನು ಕೊನೆಯವರೆಗೂ ಓದಿ, “ಇದರಲ್ಲಿ ಕೂತುಕೊಳ್ಳೋದು ಯಾವಾಗಪ್ಪಾ?” ಎಂದಳು.

ಹೀಗಾಗಿ 2024ರ ಜನವರಿಯಲ್ಲಿ ನಾವು ಹೊರಟುದು ಶ್ರೀಲಂಕೆಗೆ. ನಮ್ಮ ಕರ್ನಾಟಕದ ಮೂರರಲ್ಲೊಂದು ಪಾಲಿನಷ್ಟು ನಾಡು. ತುದಿಯಿಂದ ತುದಿಗೆ ಸುಮಾರು 430 ಕಿಲೋಮೀಟರು. ಬೆಳಿಗ್ಗೆ ಕೊಲಂಬೊದ ಕಡಲಂಚಿನಲ್ಲಿದ್ದವರು ಊಟದ ಹೊತ್ತಿಗೆ ಬೆಟ್ಟಗಳ ನಡುವಣ ಕ್ಯಾಂಡಿಯಲ್ಲಿದ್ದೆವು. ಅಲ್ಲಿಗೆ ರೈಲು ಬಂದುದು 1867ರಲ್ಲಿ. ಅದೇ ವರ್ಷ ಆ ಬೆಟ್ಟಗಳಲ್ಲಿ ಜೇಮ್ಸ್ ಟೇಲರ್ ಎಂಬವನು ಚಹದ ತೋಟ ಹಾಕಿದನು. ಎಲೆಗೆ ತುಕ್ಕುರೋಗ ತಗುಲಿ ಕಾಫಿ ಹಾಳಾದ ಮೇಲೆ ಬೆಟ್ಟವೆಲ್ಲ ಚಹವೇ ಆಯಿತಂತೆ. ತೆಂಗಿಗೆ ನುಸಿ ಬಿದ್ದುದನ್ನು ಕಂಡ ನನಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಕುರುನೇಗಲದ ಸುತ್ತಲಿನದು ಅವರ ತೆಂಗಿನ ಸೀಮೆ. ಅಲ್ಲಿ ಒಂದು ಮನೆಯಲ್ಲಿ ಎರಡು ರಾತ್ರಿ ಇಳಿದುಕೊಂಡಿದ್ದೆವು. ಮನೆಯಾಕೆ ಕಾಯಿ ತುರಿಯಲು ಕುಳಿತಾಗ ನನ್ನವಳು ಆ ಮಣೆಯನ್ನು ತೋರಿಸಿ ಹೆಸರೇನೆಂದು ಕೇಳಿದಳು. “ಹಿರಮನೆ” ಎಂದು ಉತ್ತರ ಬಂದಿತು. ನಮ್ಮ ನಾಡಿನಲ್ಲಿಯೂ ಕೆಲವು ಕಡೆ ಅದಕ್ಕೆ ಹೆರೆಮಣೆಯೆಂದೇ ಹೆಸರಲ್ಲವೆ! ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಈ ಒಂದು ಪದವನ್ನು ಹಿಡಿದುಕೊಂಡು ಅರ್ಧ ಗಂಟೆ ನಕ್ಕರು. ಕಾಯಿ, ಮೆಣಸಿನಕಾಯಿ, ನಿಂಬೆರಸ ಸೇರಿಸಿ ಅರೆಯುವ ಅವರ ಸಂಬೋಲವು ನಮ್ಮ ಚಟ್ನಿಯ ತಂಗಿ. ಆದರೆ ಅದಕ್ಕೆ ಒಣಮೀನಿನ ಪುಡಿಯನ್ನೂ ಹಾಕುವುದುಂಟು. ನಮಗಾಗಿ ಬೇರೆಯಾಗಿ ಮಾಡಿಕೊಟ್ಟರು. ಕುಡಿಯುವುದಕ್ಕೆ ಕಿತ್ತಳೆಯ ಬಣ್ಣದ ತಂಬಿಲಿ ಎಂಬ ಬೇರೆ ಜಾತಿಯ ಎಳನೀರು. ಕೊಬ್ಬರಿಯನ್ನು ಮಾತ್ರ ಅವರು ಕಾಯನ್ನು ಎರಡು ಹೋಳು ಮಾಡಿ, ಚಿಪ್ಪು ಉರಿಸಿದ ಕಾವಿನಲ್ಲಿ ಒಣಗಿಸುತ್ತಾರೆ. ನಮ್ಮ ಉಂಡೆ ಕೊಬ್ಬರಿಯನ್ನು ನೋಡಿದವರ ಕಣ್ಣಿಗೆ ಅದು ಸ್ವಲ್ಪ ಅವಸರದ ಕೆಲಸ.

ಕೊನೆಯ ಮೂರು ದಿನಗಳನ್ನು ಗಾಲೆಯಲ್ಲಿ ಕಳೆದೆವು. ಡಚ್ಚರು ಬಲಪಡಿಸಿದ ಕೋಟೆಯೊಳಗೆ ಒಂದು ಪುಟ್ಟ ಊರು. ಒಂದು ಬೆಳಗಿನಲ್ಲಿ ನಡೆದು ಮುಗಿಸಬಹುದು. ಮುಗಿಸಿದ ಮೇಲೆ ನೋಡಬೇಕಾದುದು ಏನೂ ಉಳಿಯಲಿಲ್ಲ. ನನ್ನ ಹೆಂಡತಿ ಕೋಟೆಯ ಗೋಡೆಯ ಮೇಲೆ ಕಡಲಿಗೆ ಮುಖಮಾಡಿ ಕುಳಿತಳು. ನಾನು ಎರಡು ಸಲ ಹೋಗಿ ಬಂದರೂ ಅಲ್ಲೇ ಕುಳಿತಿದ್ದಳು. ಊಟಕ್ಕೆ ಹೊತ್ತಾಯಿತೆಂದು ಕರೆಯಲು ಮೂರನೆಯ ಸಲ ಹೋದವನು, ಈ ಹೊತ್ತಿನವರೆಗೆ ಆಕೆಯನ್ನು ಯಾರೂ ಕೂಗಿಲ್ಲವೆಂಬುದು ಹೊಳೆದು, ಕರೆಯದೆ ಹಿಂದಿರುಗಿದೆನು. ನಮ್ಮ ಮನೆಯಲ್ಲಿ ಹಾಗೆ ಕೂಗುವವರಲ್ಲಿ ಮೊದಲನೆಯವನು ನಾನೇ.

ನಮ್ಮನ್ನು ಕರೆದೊಯ್ದ ಕಾರಿನ ಚಾಲಕನು ಮಿತಭಾಷಿ. 2022ರ ಅಭಾವದ ಕಾಲದಲ್ಲಿ ಎಣ್ಣೆಗಾಗಿ ಸಾಲಿನಲ್ಲಿ ಕಾರಿನೊಳಗೇ ಮಲಗಿ ಎರಡು ರಾತ್ರಿ ಕಳೆದುದನ್ನೂ, ಪರದೇಶದವರು ಬಾರದೆ ಹೆಂಡತಿಯ ಬಳೆಗಳನ್ನು ಮಾರಿದುದನ್ನೂ ಹೊರಡುವ ದಿನ ಹೇಳಿದನು. ಅವನಿಗೆ ಕೊಡಲೆಂದು ನಾನು ಮನೆಯಿಂದ ನಾಲ್ಕು ಉಂಡೆ ಕೊಬ್ಬರಿ ತಂದಿದ್ದರೆ ಚೆನ್ನಾಗಿತ್ತು. ತಂದೂ ಇದ್ದೆನು, ಬೇಗ ಹೊತ್ತಿಕೊಳ್ಳುವ ಪದಾರ್ಥವೆಂದು ವಿಮಾನದೊಳಕ್ಕೆ ಬಿಡಲಿಲ್ಲ. ಕೈಗಳಿಂದಲೇ ಆಕಾರ ತೋರಿಸಿ ವಿವರಿಸಿದೆನು. “ಒಡೆಯದಿದ್ದರೆ ಒಳಗಿನ ನೀರು ಎಲ್ಲಿ ಹೋಗುತ್ತದೆ?” ಎಂದು ಕೇಳಿದನು. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಸುಮ್ಮನೆ ಬಿಟ್ಟರೆ ತಾನೇ ಆರುವುದೆಂದೆನು. ಅವನು ನಂಬಲಿಲ್ಲ.

“ಬಂದರೆ ತೋರಿಸ್ತೀವಿ ಅಂತ ಹೇಳಿ,” ಎಂದಳು ನನ್ನ ಹೆಂಡತಿ. “ಬಂದರೆ ಎರಡು ದಿನ ಇರಬೇಕು ಅಂತಲೂ ಹೇಳಿ.”

ಅವನು ತಿಪಟೂರು ಎಂಬ ಹೆಸರನ್ನು ಎರಡು ಸಲ ಹೇಳಿಸಿಕೊಂಡು ತನ್ನ ಕಿರುಪುಸ್ತಕದಲ್ಲಿ ಬರೆದುಕೊಂಡನು. ನಮ್ಮ ಅಕ್ಷರಗಳಂತೆಯೇ ದುಂಡಗಿದ್ದ ಆ ಅಕ್ಷರಗಳಲ್ಲಿ ತಪ್ಪಿತ್ತೋ ಇಲ್ಲವೋ, ನಮಗೆ ಓದಲು ಬರಲಿಲ್ಲ.