ಹೊಳೆ ಐದೋ, ಒಂದೋ?

ಕುಂದಾಪುರದ ಪಕ್ಕದ ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಕಡಲು ಸೇರುತ್ತವೆ. ಅದಕ್ಕೇ ಅಲ್ಲಿಯ ನೀರಿಗೆ ಪಂಚಗಂಗಾವಳಿ ಎಂದು ಹೆಸರು. ಕೊಲ್ಲೂರಿಗೆ ಹೊರಟವರು ಮೊದಲು ಆ ನೀರನ್ನೊಮ್ಮೆ ನೋಡಬೇಕು. ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳಿಗೆ ನಾನೂ ತೋರಿಸಿದೆ. ಐದನೇ ತರಗತಿಯ ಹುಡುಗಿ, ಲೆಕ್ಕವೆಂದರೆ ದೂರ ಓಡುವವಳು. ಅತ್ತ ಇತ್ತ ನೋಡಿ, "ಐದು ಎಲ್ಲಿದೆ ಅಜ್ಜ? ಒಂದೇ ನೀರು ಕಾಣುತ್ತಿದೆಯಲ್ಲ!" ಎಂದಳು.

ಮಾತು ಸರಿಯೇ. ನೀರಿನ ಮೇಲೆ ಗೆರೆ ಎಳೆದವರಿಲ್ಲ. ಮೇಲಿನಿಂದ ಬರುವಾಗ ಹೊಳೆ ಐದು, ಕಡಲಿಗೆ ಬೀಳುವಾಗ ಒಂದು. ಘಟ್ಟದ ಸಣ್ಣ ತೊರೆಗಳನ್ನೂ ಸೇರಿಸಿದರೆ ಇನ್ನೆಷ್ಟೋ!

"ಹಾಗಾದರೆ ಸಂಖ್ಯೆ ಮನುಷ್ಯರೇ ಮಾಡಿಕೊಂಡದ್ದು. ಬೇಡವಾದರೆ ಬಿಟ್ಟುಬಿಡಬಹುದು!" ಎಂದು ಅವಳಿಗೆ ಖುಷಿಯೋ ಖುಷಿ.

ಹೆಮ್ಮಾಡಿ, ವಂಡ್ಸೆ, ಜಡ್ಕಲ್ ದಾಟಿ ಬಸ್ಸು ಕೊಲ್ಲೂರು ಮುಟ್ಟಿತು. ಊರಿನ ಸುತ್ತಲೂ ಮೂಕಾಂಬಿಕಾ ವನ್ಯಧಾಮದ ದಟ್ಟ ಕಾಡು, ಮೇಲೆ ಕೊಡಚಾದ್ರಿ. ಬೆಟ್ಟದ ಎತ್ತರ 1343 ಮೀಟರು. ಅದನ್ನೇ ಅಡಿಗಳಲ್ಲಿ ಅಳೆದರೆ ಸುಮಾರು 4406. ಸಂಖ್ಯೆ ಮೂರು ಪಟ್ಟು ಹೆಚ್ಚಾಯಿತು, ಬೆಟ್ಟ ಮಾತ್ರ ಒಂದು ಬೆರಳೂ ಬೆಳೆಯಲಿಲ್ಲ. ಮೊಮ್ಮಗಳ ಪಕ್ಷಕ್ಕೆ ಇನ್ನೊಂದು ಗೆಲುವು!

ಆದರೆ ಹೂವಿನ ಅಂಗಡಿ ಅವಳನ್ನು ತಡೆದು ನಿಲ್ಲಿಸಿತು. ಕೆಂಪು ಕೇಪಳದ ಪುಟ್ಟ ಹೂವಿಗೆ ನಾಲ್ಕು ಎಸಳು. ಒಂಟಿ ಸುತ್ತಿನ ದಾಸವಾಳಕ್ಕೆ ಐದು. ಇನ್ನೊಂದು ದಾಸವಾಳ ಎತ್ತಿಕೊಂಡಳು, ಅದಕ್ಕೂ ಐದು. "ಯಾರೂ ಎಣಿಸದಿದ್ದರೂ ಇದಕ್ಕೆ ಐದೇ ಇರುತ್ತಾ ಅಜ್ಜ?"

ದೇವಸ್ಥಾನದ ಸರಸ್ವತಿ ಮಂಟಪದ ಬಳಿ ಪುಟ್ಟ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುತ್ತಾರೆ. ಅಕ್ಷರ ಮನುಷ್ಯ ಮಾಡಿದ್ದು. ಐದು ಎಂಬ ಹೆಸರೂ ಅಂಕಿಯ ಆಕಾರವೂ ಹಾಗೆಯೇ. ೫ ಎಂದು ಬರೆದರೂ 5 ಎಂದು ಬರೆದರೂ ದಾಸವಾಳದ ಎಸಳು ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ. ಗುರುತು ನಮ್ಮದು. ಎಸಳು ಬಿಡಿಬಿಡಿಯಾಗಿರುವುದು ಗಿಡದ್ದೇ ಕೆಲಸ.

ಸಂಜೆ ಕಾಡಿನಿಂದ ಜೀರುಂಡೆಗಳ ಸದ್ದು ಕೇಳಿಬಂತು. ಅಮೆರಿಕದಲ್ಲಿ ಇವುಗಳ ನೆಂಟರಿದ್ದಾರೆ. ಕೆಲವು ಜಾತಿಯವು 13 ವರ್ಷ, ಕೆಲವು 17 ವರ್ಷ ಮಣ್ಣಿನೊಳಗೆ ಬೇರಿನ ರಸ ಹೀರುತ್ತಾ ಇದ್ದು, ಆಮೇಲೆ ಒಟ್ಟಿಗೇ ಹೊರಬರುತ್ತವೆ. ಪಂಚಾಂಗವಿಲ್ಲದೆ ವರ್ಷ ಎಣಿಸುವುದು ಹೇಗೆ? ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಪೀಚ್ ಹಣ್ಣಿನ ಮರಗಳು ಒಂದೇ ವರ್ಷದಲ್ಲಿ ಎರಡು ಸಲ ಹೂ ಬಿಡುವಂತೆ ಮಾಡಿದರು. ಅವುಗಳ ಬೇರಿನಲ್ಲಿದ್ದ ಜೀರುಂಡೆಗಳು ಒಂದು ವರ್ಷ ಮೊದಲೇ ಎದ್ದು ಬಂದವು! ಅವು ಎಣಿಸುತ್ತಿದ್ದದ್ದು ನಮ್ಮ ವರ್ಷಗಳನ್ನಲ್ಲ, ಮರದ ವಸಂತಗಳನ್ನು.

ಇದನ್ನು ಕೇಳಿದ ಮೇಲೆ ಮೊಮ್ಮಗಳು ಸುಮ್ಮನಾದಳು. ನಾನೆಂದೆ: "ಎಣಿಸುವ ಮೊದಲು 'ಒಂದು' ಅಂದರೆ ಯಾವುದು ಅಂತ ಗೊತ್ತಾಗಬೇಕು, ಮಗಾ. ಹೊಳೆಯಲ್ಲಿ ಆ 'ಒಂದ'ನ್ನು ಆರಿಸಿದವರು ನಾವು. ಹೂವಿನಲ್ಲಿ ಗಿಡವೇ ಆರಿಸಿಟ್ಟಿದೆ. ಜೀರುಂಡೆಗೆ ಅದರದ್ದೇ 'ಒಂದು' ಇದೆ."

ಅಷ್ಟರಲ್ಲಿ ಮಳೆ ಹನಿಯತೊಡಗಿತು. ಛತ್ರದ ಜಗಲಿಯ ಪಕ್ಕದ ಕೆಸುವಿನ ಎಲೆಯ ಮೇಲೆ ಎರಡು ಹನಿ ಉರುಳಿ ಒಂದಾದವು. ಅವಳು ಕುಣಿದಳು: "ನೋಡಜ್ಜ, ಒಂದಕ್ಕೆ ಒಂದು ಕೂಡಿಸಿದರೆ ಒಂದು! ಟೀಚರಿಗೆ ಹೇಳುತ್ತೇನೆ."

"ಹೇಳು. ಆದರೆ ಆ ಹನಿಯನ್ನು ತೂಗಿ ನೋಡಿದರೆ?"

ಅವಳು ಎಲೆಯನ್ನೇ ದಿಟ್ಟಿಸಿದಳು. "ಎರಡು ಹನಿಯ ತೂಕ ಇರುತ್ತದೆ," ಎಂದಳು ಮೆಲ್ಲಗೆ. ಆಮೇಲೆ ಮೂರನೆಯ ಹನಿ ಬೀಳುವುದನ್ನೇ ಕಾಯುತ್ತಾ ಕೂತಳು.